ಟಾಟಾ ಪಂಚ್ ಇವಿ: ಐದು ಸ್ಟಾರ್ ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು

ಸಣ್ಣ ಎಲೆಕ್ಟ್ರಿಕ್ ಎಸ್‌ಯುವಿ ಹುಡುಕುವವರ ಪಟ್ಟಿಯಲ್ಲಿ ಟಾಟಾ ಪಂಚ್ ಇವಿ ಇದ್ದೇ ಇರುತ್ತದೆ. 2024ರ ಜನವರಿಯಲ್ಲಿ ಮಾರುಕಟ್ಟೆಗೆ ಬಂತು. ಅದೇ ವರ್ಷ ಜೂನ್‌ನಲ್ಲಿ ಭಾರತ್ ಎನ್‌ಕ್ಯಾಪ್ (ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ನಮ್ಮ ದೇಶದ ಪರೀಕ್ಷೆ) ಫಲಿತಾಂಶವೂ ಬಂತು: ದೊಡ್ಡವರ ರಕ್ಷಣೆಗೆ 32ಕ್ಕೆ 31.46, ಮಕ್ಕಳ ರಕ್ಷಣೆಗೆ 49ಕ್ಕೆ 45, ಎರಡರಲ್ಲೂ ಐದು ಸ್ಟಾರ್. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಅಪಘಾತದಲ್ಲಿ ಒಳಗಿದ್ದವರನ್ನು ಕಾಪಾಡುವ ಮಟ್ಟಿಗೆ ಈ ಗಾತ್ರದ ಗಾಡಿಯಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವುದು ಕಷ್ಟ. ಧೈರ್ಯವಾಗಿ ಪಟ್ಟಿಯಲ್ಲಿ ಇಟ್ಟುಕೊಳ್ಳಬಹುದು. ಆದರೆ ಎಲೆಕ್ಟ್ರಿಕ್ ಗಾಡಿಯ ಸುರಕ್ಷತೆ ಕ್ರ್ಯಾಶ್ ಟೆಸ್ಟಿನ ಅಂಕಪಟ್ಟಿಗೆ ಮುಗಿಯುವುದಿಲ್ಲ. ಬ್ಯಾಟರಿ, ರೀಕಾಲ್ ಚರಿತ್ರೆ (ದೋಷಕ್ಕಾಗಿ ಕಂಪನಿ ಗಾಡಿಗಳನ್ನು ವಾಪಸ್ ಕರೆದದ್ದು), ಹೈವೋಲ್ಟೇಜ್ ಬಿಡಿಭಾಗಗಳು, ನಿಮ್ಮ ಮನೆಯ ಚಾರ್ಜಿಂಗ್ ಪಾಯಿಂಟ್ ಇವ್ಯಾವುವೂ ಆ ಸ್ಟಾರ್‌ಗಳ ಲೆಕ್ಕದಲ್ಲಿಲ್ಲ. ಅವನ್ನು ನೀವೇ ಕೇಳಿ, ನೋಡಿ, ತಿಳಿದುಕೊಳ್ಳಬೇಕು.

ಅಂಕಗಳ ಒಳಗೆ ಏನಿದೆ

ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಎಐಎಸ್-197 ಎಂಬ ಮಾನದಂಡದ ಪ್ರಕಾರ 3.5 ಟನ್ ಒಳಗಿನ ಪ್ರಯಾಣಿಕ ವಾಹನಗಳನ್ನು ಪರೀಕ್ಷಿಸುತ್ತಾರೆ. ಇದು ಕಡ್ಡಾಯವಲ್ಲ, ಕಂಪನಿಯೇ ಮುಂದೆ ಬಂದು ಗಾಡಿ ಒಪ್ಪಿಸಬೇಕು. ಮುಂಭಾಗದ ಪರೀಕ್ಷೆಯಲ್ಲಿ ಗಾಡಿಯನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಓಡಿಸಿ, ಅದರ ಅಗಲದ ಶೇ 40ರಷ್ಟು ಭಾಗ ಮಾತ್ರ ತಡೆಗೋಡೆಗೆ ತಾಗುವಂತೆ ಗುದ್ದಿಸುತ್ತಾರೆ. ಪಕ್ಕದ ಪರೀಕ್ಷೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದ ಟ್ರಾಲಿ ಬಂದು ಬಾಗಿಲಿಗೆ ಹೊಡೆಯುತ್ತದೆ. ಕಂಬಕ್ಕೆ ಪಕ್ಕದಿಂದ ಬಡಿಯುವ ಪರೀಕ್ಷೆ ಗಂಟೆಗೆ 29 ಕಿ.ಮೀ.ನಲ್ಲಿ ನಡೆಯುತ್ತದೆ, ಅದಕ್ಕೆ ಅಂಕವಿಲ್ಲ, ಪಾಸೋ ಫೇಲೋ ಅಷ್ಟೇ. ಗಾಡಿ ರಸ್ತೆಗಿಳಿಯಲು ಕಾನೂನು ಕೇಳುವ ಮುಂಭಾಗದ ಪರೀಕ್ಷೆ 56 ಕಿ.ಮೀ. ವೇಗದ್ದು. ಎಂಟೇ ಕಿ.ಮೀ. ವ್ಯತ್ಯಾಸ ಎನಿಸಬಹುದು, ಆದರೆ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 64ರಲ್ಲಿ ಗಾಡಿ ಅರಗಿಸಿಕೊಳ್ಳಬೇಕಾದ ಶಕ್ತಿ ಶೇ 30ರಷ್ಟು ಹೆಚ್ಚು.

ಪಂಚ್ ಇವಿ ಮುಂಭಾಗದ ಪರೀಕ್ಷೆಯಲ್ಲೂ ಪಕ್ಕದ ಪರೀಕ್ಷೆಯಲ್ಲೂ 16ಕ್ಕೆ 15.7ರ ಆಸುಪಾಸು ಪಡೆದಿದೆ. ಒಂದರಲ್ಲಿ ಮಿಂಚಿ ಇನ್ನೊಂದರಲ್ಲಿ ಸರಿದೂಗಿಸಿದ ಗಾಡಿಯಲ್ಲ ಎಂಬುದು ಇದರ ಅರ್ಥ. ಇದೇ ಹೊತ್ತಿಗೆ ಫಲಿತಾಂಶ ಬಂದ ನೆಕ್ಸಾನ್ ಇವಿ ಒಟ್ಟು 29.86 ಪಡೆಯಿತು, ಅದರಲ್ಲಿ ಪಕ್ಕದ ಪರೀಕ್ಷೆಗೆ 15.60, ಮುಂಭಾಗಕ್ಕೆ 14.26. ಅದೂ ಐದು ಸ್ಟಾರ್ ಗಾಡಿಯೇ. ಮಹೀಂದ್ರ ಎಕ್ಸ್‌ಯುವಿ400 ಸುಮಾರು 30.38, ಟಾಟಾ ಕರ್ವ್ ಇವಿ 30.81. ದೊಡ್ಡವರ ವಿಭಾಗದಲ್ಲಿ 27 ದಾಟಿದರೆ, ಮಕ್ಕಳ ವಿಭಾಗದಲ್ಲಿ 41 ದಾಟಿದರೆ ಐದು ಸ್ಟಾರ್ ಸಿಗುತ್ತದೆ. ಹೀಗಾಗಿ 27.1 ಪಡೆದ ಗಾಡಿಗೂ 31.9 ಪಡೆದ ಗಾಡಿಗೂ ಜಾಹೀರಾತಿನಲ್ಲಿ ಕಾಣುವ ಸ್ಟಾರ್ ಒಂದೇ. ಶೋರೂಮಿನಲ್ಲಿ ‘ಫೈವ್ ಸ್ಟಾರ್ ಸರ್’ ಎಂದಾಗ ದಶಮಾಂಶದವರೆಗಿನ ಅಂಕ ಕೇಳಿ. ಭಾರತ್ ಎನ್‌ಕ್ಯಾಪ್ ವೆಬ್‌ಸೈಟಿನಲ್ಲಿ ಪ್ರತಿ ಗಾಡಿಯ ವರದಿ ಉಚಿತವಾಗಿ ಸಿಗುತ್ತದೆ. ಪರೀಕ್ಷೆಯಲ್ಲಿ ಮನುಷ್ಯರ ಬದಲು ಕೂರಿಸುವ ಗೊಂಬೆಯ ಚಿತ್ರ ಅದರಲ್ಲಿದೆ, ಅದರ ತಲೆ, ಎದೆ, ಮಂಡಿ, ಪಾದಗಳಿಗೆ ಬೇರೆ ಬೇರೆ ಬಣ್ಣ ಬಳಿದಿರುತ್ತಾರೆ. ಹಸಿರಲ್ಲದ ಭಾಗ ಯಾವುದು ಎಂದು ನೋಡಿ. ಎದೆಯ ಭಾಗ ಹಳದಿಯಾಗಿರುವುದಕ್ಕೂ ಮೊಣಕಾಲಿನ ಕೆಳಗೆ ಹಳದಿಯಾಗಿರುವುದಕ್ಕೂ ಬಹಳ ಅಂತರವಿದೆ.

ಸ್ಟಾರ್‌ನ ಮಿತಿಯೂ ಗೊತ್ತಿರಬೇಕು. 64 ಕಿ.ಮೀ. ಪರೀಕ್ಷೆ ಸರಿಸುಮಾರು ನಿಮ್ಮದೇ ತೂಕದ, ನಿಮ್ಮದೇ ವೇಗದ ಇನ್ನೊಂದು ಕಾರು ಎದುರಿನಿಂದ ಬಂದು ಗುದ್ದಿದ್ದಕ್ಕೆ ಸಮ. ನಿಂತ ಲಾರಿಯ ಹಿಂಭಾಗಕ್ಕೆ ನುಗ್ಗುವುದು ಇದರಲ್ಲಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮಿತಿಯಾದ 100 ಕಿ.ಮೀ.ನಲ್ಲಿ ಗಾಡಿ ಹೊತ್ತಿರುವ ಶಕ್ತಿ 64ರಲ್ಲಿ ಇರುವುದರ ಸುಮಾರು 2.4 ಪಟ್ಟು. ಹಿಂದಿನಿಂದ ಗುದ್ದುವ ಪರೀಕ್ಷೆಯಿಲ್ಲ. ಹಿಂದಿನ ಸೀಟಿನಲ್ಲಿ ಕೂರಿಸುವುದು ಮಕ್ಕಳ ಗೊಂಬೆಗಳನ್ನು ಮಾತ್ರ. ಹಿಂದೆ ಕೂತ ಅಜ್ಜ ಅಜ್ಜಿಗೆ ಏನಾಗುತ್ತದೆ ಎಂದು ಈ ಅಂಕಗಳು ಹೇಳುವುದಿಲ್ಲ. ಅವರಿಗೆ ಉಳಿಯುವ ರಕ್ಷಣೆ ಬೆಲ್ಟು, ಕಿಟಕಿಯ ಮೇಲಿಂದ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗು, ತಲೆಗೆ ಸರಿಯಾಗಿ ನಿಲ್ಲುವ ಹೆಡ್‌ರೆಸ್ಟು. ಆದ್ದರಿಂದ ಹಿಂದಿನ ಸಾಲಿನ ನಡುವೆ ಕೂತು ನೋಡಿ: ಬೆಲ್ಟು ಭುಜದ ಮೇಲೂ ಬರುವ ಮೂರು ಬಿಂದುವಿನದೇ? ನಡುವಿನವರಿಗೆ ಹೆಡ್‌ರೆಸ್ಟ್ ಇದೆಯೇ? ಇಲ್ಲವೆಂದರೆ ಅದನ್ನು ನಾಲ್ಕು ಜನರ ಗಾಡಿ ಎಂದೇ ಲೆಕ್ಕ ಹಾಕಿ.

ಪೆಟ್ರೋಲ್ ಗಾಡಿಯ ಸ್ಟಾರ್ ಎಲೆಕ್ಟ್ರಿಕ್‌ಗೆ ಬರುವುದಿಲ್ಲ

ಪೆಟ್ರೋಲ್ ಪಂಚ್ 2021ರ ಅಕ್ಟೋಬರ್‌ನಲ್ಲೇ ಗ್ಲೋಬಲ್ ಎನ್‌ಕ್ಯಾಪ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯಿಂದ ದೊಡ್ಡವರಿಗೆ ಐದು, ಮಕ್ಕಳಿಗೆ ನಾಲ್ಕು ಸ್ಟಾರ್ ಪಡೆದಿತ್ತು. ಆಗ ದೊಡ್ಡವರ ಅಂಕ 17ಕ್ಕೆ 16.45. ಆ ಕಾಲದ ನಿಯಮದಲ್ಲಿ ಅಂಕ ಸಿಗುತ್ತಿದ್ದುದು ಮುಂಭಾಗದ ಪರೀಕ್ಷೆಗೆ ಮಾತ್ರ. ಹಾಗಾಗಿ 2021ರ ಐದು ಸ್ಟಾರ್ ಮತ್ತು 2024ರ ಐದು ಸ್ಟಾರ್ ಒಂದೇ ಅಳತೆಯವಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಎಲೆಕ್ಟ್ರಿಕ್ ಪಂಚ್ ಹೊರನೋಟಕ್ಕೆ ಅಣ್ಣತಮ್ಮನಂತಿದ್ದರೂ ಅಡಿಪಾಯ ಬೇರೆ. ಪೆಟ್ರೋಲ್ ಗಾಡಿಯ ಆಲ್ಫಾ ವೇದಿಕೆಯ ಬದಲು ಆಕ್ಟಿ.ಇವಿ ವೇದಿಕೆ, ನೆಲದಡಿ ಬ್ಯಾಟರಿ ಪ್ಯಾಕು, ಬಾನೆಟ್ಟಿನಲ್ಲಿ ಎಂಜಿನ್ ಬದಲು ಮೋಟರು, ಹೆಚ್ಚಿದ ತೂಕ. ಗುದ್ದಿನ ಶಕ್ತಿ ಹರಿದುಹೋಗುವ ದಾರಿಯೇ ಬದಲಾಗುತ್ತದೆ. ಇಲ್ಲಿ ಫಲಿತಾಂಶ ಒಳ್ಳೆಯದೇ ಬಂದಿದೆ. ಎಲ್ಲ ಗಾಡಿಗಳಲ್ಲೂ ಹಾಗೆಯೇ ಆಗುತ್ತದೆ ಎಂದು ಅಂದುಕೊಳ್ಳುವಂತಿಲ್ಲ. ಎಲೆಕ್ಟ್ರಿಕ್ ಮಾದರಿಯ ಹೆಸರಿನಲ್ಲೇ ವರದಿ ಇರಬೇಕು.

ಚಿಕ್ಕ ಎಲೆಕ್ಟ್ರಿಕ್ ಗಾಡಿಗಳೆಲ್ಲ ಗಟ್ಟಿ ಎಂಬ ಭ್ರಮೆಯೂ ಬೇಡ. ಸಿಟ್ರೊಯೆನ್ ಇಸಿ3 2024ರ ಮಾರ್ಚ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ದೊಡ್ಡವರಿಗೆ ಸೊನ್ನೆ ಸ್ಟಾರ್, ಮಕ್ಕಳಿಗೆ ಒಂದು ಸ್ಟಾರ್ ಪಡೆಯಿತು. ಅಂಕದ ಲೆಕ್ಕದಲ್ಲಿ 34ಕ್ಕೆ 20.86 ಇದ್ದರೂ ಸ್ಟಾರ್ ಸೊನ್ನೆ. ಸ್ಟಾರ್ ಕೊಡುವಾಗ ಅಂಕದ ಜೊತೆಗೆ ಸೀಟ್‌ಬೆಲ್ಟ್ ಎಚ್ಚರಿಕೆ, ಇಎಸ್‌ಸಿ (ಗಾಡಿ ಜಾರಿದಾಗ ತಾನೇ ಬ್ರೇಕ್ ಹಾಕಿ ಹಿಡಿತಕ್ಕೆ ತರುವ ವ್ಯವಸ್ಥೆ), ಪಕ್ಕದಿಂದ ತಲೆಗೆ ರಕ್ಷಣೆ ಇವೆಲ್ಲ ಇವೆಯೇ ಎಂದೂ ನೋಡುತ್ತಾರೆ. ಪಂಚ್ ಇವಿಯಲ್ಲಿ ಆರು ಏರ್‌ಬ್ಯಾಗ್ ಮತ್ತು ಇಎಸ್‌ಸಿ ಎಲ್ಲ ವೇರಿಯಂಟ್‌ಗಳಲ್ಲೂ ಬರುತ್ತವೆ. ಕಡಿಮೆ ಬೆಲೆಯದನ್ನು ಕೊಂಡರೂ ಜೀವ ಉಳಿಸುವ ಸಾಮಾನು ಕಡಿಮೆಯಾಗುವುದಿಲ್ಲ ಎಂಬುದು ಈ ಗಾಡಿಯ ಬಗ್ಗೆ ನಮಗೆ ಅತಿ ಹೆಚ್ಚು ಮೆಚ್ಚುಗೆಯಾದ ಸಂಗತಿ. ಆದರೂ ಹಿಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆಯೋ ಡ್ರಮ್ಮೋ, ಹಿಂದಿನ ಗಾಜಿಗೆ ವೈಪರ್ ಮತ್ತು ಡಿಫಾಗರ್ ಇದೆಯೋ ಎಂದು ನಿಮ್ಮ ವೇರಿಯಂಟಿನ ಹೆಸರು ಹೇಳಿಯೇ ಕೇಳಿ. ಮಲೆನಾಡಿನ ಮಳೆಗಾಲದಲ್ಲಿ ಹಿಂದಿನ ವೈಪರ್ ಇಲ್ಲದ ಗಾಡಿ ರಿವರ್ಸ್ ತೆಗೆಯುವುದು ಸುಲಭದ ಮಾತಲ್ಲ.

ಗಾಡಿಗೆ ದೊಡ್ಡ ಬದಲಾವಣೆ ಬಂದಿದ್ದರೆ, ಅಂದರೆ ಬ್ಯಾಟರಿ ದೊಡ್ಡದಾಗಿದ್ದರೆ, ಬಂಪರ್ ಅಥವಾ ಸೀಟು ಬದಲಾಗಿದ್ದರೆ, ಹಳೆಯ ಪ್ರಮಾಣಪತ್ರ ಹೊಸ ಗಾಡಿಗೂ ಅನ್ವಯಿಸುತ್ತದೆಯೇ ಎಂದು ವರದಿಯಲ್ಲಿ ಹೆಸರಿಸಿದ ವೇರಿಯಂಟ್‌ಗಳ ಪಟ್ಟಿ ನೋಡಿ ಖಚಿತಪಡಿಸಿಕೊಳ್ಳಿ. ಮೇಲಿನ 31.46 ಎಂಬುದು 2024ರಲ್ಲಿ ಪರೀಕ್ಷೆಗೆ ನಿಂತ ಪಂಚ್ ಇವಿಯ ಅಂಕ.

ಬ್ಯಾಟರಿ: ಸ್ಟಾರ್‌ಗೆ ಸಿಗದ ವಿಷಯ

ಐದು ಸ್ಟಾರ್ ಇದ್ದೂ ಬ್ಯಾಟರಿಯಿಂದ ಕೆಟ್ಟ ಹೆಸರು ಪಡೆದ ಸಣ್ಣ ಎಲೆಕ್ಟ್ರಿಕ್ ಎಸ್‌ಯುವಿಗೆ ಹ್ಯುಂಡೈ ಕೋನಾ ಉತ್ತಮ ಉದಾಹರಣೆ. ಕೋನಾ 2017ರಲ್ಲಿ ಯೂರೋ ಎನ್‌ಕ್ಯಾಪ್‌ನ ಐದು ಸ್ಟಾರ್ ಪಡೆದಿತ್ತು. ಎಲೆಕ್ಟ್ರಿಕ್ ಮಾದರಿಯ ಗಾಡಿಗಳು ಕೊರಿಯಾ ಮತ್ತು ಬೇರೆಡೆ ನಿಂತಲ್ಲೇ ಹೊತ್ತಿಕೊಂಡಾಗ ತನಿಖೆ ನಡೆದು, ಎಲ್‌ಜಿಯ ನಾನ್‌ಜಿಂಗ್ ಕಾರ್ಖಾನೆಯಲ್ಲಿ ತಯಾರಾದ ಕೆಲವು ಸೆಲ್‌ಗಳೊಳಗೆ ಆನೋಡ್ ಟ್ಯಾಬ್ ಎಂಬ ಲೋಹದ ಪಟ್ಟಿ ಮಡಚಿಕೊಂಡಿದ್ದು ಪತ್ತೆಯಾಯಿತು. ಹಾಗೆ ಮಡಚಿದ ಲೋಹದ ಪಟ್ಟಿ ಒಳಗೇ ಶಾರ್ಟ್ ಆಗಬಲ್ಲದು. 2021ರಲ್ಲಿ ಹ್ಯುಂಡೈ ಜಗತ್ತಿನಾದ್ಯಂತ ಸುಮಾರು 82,000 ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿ ಬದಲಿಸಲು ಮುಂದಾಯಿತು. ಅವುಗಳಲ್ಲಿ ಹೆಚ್ಚಿನವು ಕೋನಾ. ಅದಕ್ಕೂ ಮೊದಲೇ, 2020ರ ಡಿಸೆಂಬರ್‌ನಲ್ಲಿ, ಭಾರತದ 456 ಕೋನಾಗಳನ್ನು ಬ್ಯಾಟರಿ ತಪಾಸಣೆಗೆ ಕರೆದಿದ್ದರು. ಆ ಗಾಡಿಯ ಏರ್‌ಬ್ಯಾಗು, ಬಾಡಿ ಎಲ್ಲ ಚೆನ್ನಾಗಿಯೇ ಇದ್ದವು. ತೊಂದರೆ ಇದ್ದದ್ದು ಯಾವ ಕ್ರ್ಯಾಶ್ ಟೆಸ್ಟಿಗೂ ಸಿಗದ ಒಂದು ಲೋಹದ ಪಟ್ಟಿಯಲ್ಲಿ.

ಟಾಟಾ ಎಲೆಕ್ಟ್ರಿಕ್ ಕಾರುಗಳಲ್ಲಿ ಇರುವುದು ಎಲ್‌ಎಫ್‌ಪಿ, ಅಂದರೆ ಲೀಥಿಯಂ ಐರನ್ ಫಾಸ್ಫೇಟ್ ರಸಾಯನದ ಸೆಲ್. ಕೋನಾದಲ್ಲಿದ್ದ ನಿಕಲ್ ಆಧಾರಿತ ಸೆಲ್‌ಗಿಂತ ಇದು ಹೆಚ್ಚಿನ ಬಿಸಿಯವರೆಗೆ ತಡೆಯುತ್ತದೆ, ಕೆಟ್ಟರೂ ಹೊರಹಾಕುವ ಶಾಖ ಕಡಿಮೆ. ಹಾಗೆಂದು ಬೆಂಕಿಯೇ ಹತ್ತುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2022ರ ಜೂನ್‌ನಲ್ಲಿ ಮುಂಬೈ ಬಳಿಯ ವಸೈಯಲ್ಲಿ ನೆಕ್ಸಾನ್ ಇವಿಯೊಂದು ಹೊತ್ತಿ ಉರಿದಾಗ ಕೇಂದ್ರ ಸರ್ಕಾರ ತನಿಖೆಗೆ ಆದೇಶಿಸಿತ್ತು. ತನಿಖೆ ವಹಿಸಿಕೊಂಡ ಸಂಸ್ಥೆಗಳಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಒಂದು ಘಟನೆಯಿಂದ ಇಡೀ ಮಾದರಿಯನ್ನು ತಳ್ಳಿಹಾಕುವುದು ಸರಿಯಲ್ಲ. ಮಾದರಿಯ ಚರಿತ್ರೆ ನೋಡುವಾಗ ಅಂಥ ಘಟನೆಯನ್ನು ಮರೆಯುವುದೂ ಸರಿಯಲ್ಲ.

ಆ ವರ್ಷದ ದ್ವಿಚಕ್ರ ವಾಹನಗಳ ಬೆಂಕಿ ಪ್ರಕರಣಗಳ ನಂತರ ನಿಯಮ ಬಿಗಿಯಾಯಿತು. ಕಾರುಗಳಿಗೆ ಅನ್ವಯಿಸುವ ಬ್ಯಾಟರಿ ಸುರಕ್ಷತೆಯ ಮಾನದಂಡ ಎಐಎಸ್-038ರ ತಿದ್ದುಪಡಿ 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಬಂತು. ಒಂದು ಸೆಲ್ ಹೊತ್ತಿಕೊಂಡು ಪಕ್ಕದ ಸೆಲ್‌ಗೆ ಹಬ್ಬುವ ಸ್ಥಿತಿ ಬಂದರೆ, ಒಳಗಿದ್ದವರು ಇಳಿದು ಹೋಗಲು ಕನಿಷ್ಠ 5 ನಿಮಿಷ ಸಿಗುವಂತೆ ಗಾಡಿ ಮುಂಚಿತವಾಗಿ ಎಚ್ಚರಿಸಬೇಕು ಎಂಬುದು ಅದರ ಮುಖ್ಯ ಅಂಶಗಳಲ್ಲಿ ಒಂದು. ಪಂಚ್ ಇವಿ ಹುಟ್ಟಿದ್ದೇ ಈ ನಿಯಮದ ನಂತರ. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ತಯಾರಾದ ತಿಂಗಳು ನೋಡಬೇಕಾದ ಕಾರಣ ಇದೇ: 2021ರ ಗಾಡಿಗೂ 2023ರ ಗಾಡಿಗೂ ಬ್ಯಾಟರಿ ನಿಯಮವೇ ಬೇರೆ.

ಪ್ಯಾಕಿಗೆ ಐಪಿ67 ಎಂದು ಬರೆದಿರುತ್ತದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ಒಳಗೆ ನೀರು ಹೋಗಬಾರದು ಎಂಬುದು ಅದರ ಅರ್ಥ. ಇದು ಹೊಸ ಪ್ಯಾಕಿಗೆ, ನಿಂತ ನೀರಿಗೆ, ಶುದ್ಧ ನೀರಿಗೆ ಸಲ್ಲುವ ಮಾತು. ಐದು ವರ್ಷ ಹಳೆಯದಾಗಿ ಸೀಲು ಗಡುಸಾದ, ತಳಕ್ಕೆ ಕಲ್ಲು ತಾಗಿ ಮೂಲೆ ತಗ್ಗಾದ ಪ್ಯಾಕು ಅದೇ ರಕ್ಷಣೆ ಕೊಡುತ್ತದೆ ಎನ್ನಲಾಗದು. ಔಟರ್ ರಿಂಗ್ ರೋಡಿನಲ್ಲಿ 2022ರ ಸೆಪ್ಟೆಂಬರ್ ತರಹದ ನೀರು ನಿಂತರೆ ಐಪಿ67 ನೆನೆದು ನುಗ್ಗಬೇಡಿ. ಕಂಪನಿ ಹೇಳುವ ನೀರು ದಾಟುವ ಆಳವೇ ನಿಮ್ಮ ಮಿತಿ. ಅದು ಪ್ಯಾಕಿನ ಪರೀಕ್ಷೆಯ ಆಳಕ್ಕಿಂತ ಬಹಳ ಕಡಿಮೆ ಇರುತ್ತದೆ.

ನಮ್ಮ ರಸ್ತೆಯಲ್ಲಿ ಬ್ಯಾಟರಿಯ ನಿಜವಾದ ಶತ್ರು ತಳಕ್ಕೆ ಬೀಳುವ ಏಟು. ಅಳತೆಯಿಲ್ಲದ ಹಂಪ್ಸು, ತೋಟದ ಹಾದಿಯ ಮಧ್ಯದ ದಿಬ್ಬ, ಗುಂಡಿಯಿಂದ ಮೇಲೆದ್ದು ನಿಂತ ಜಲ್ಲಿ. ಪಂಚ್ ಇವಿಯ ನೆಲದೆತ್ತರ 190 ಮಿ.ಮೀ.; ಐದು ಜನ ಮತ್ತು ಲಗೇಜು ತುಂಬಿದಾಗ ಅದು ಇಳಿಯುತ್ತದೆ. ತಳಕ್ಕೆ ಜೋರಾಗಿ ತಾಗಿತೆಂದರೆ ಸರ್ವಿಸ್ ಸೆಂಟರಿನಲ್ಲಿ ಗಾಡಿ ಎತ್ತಿಸಿ ನೋಡಿಸಿ. ಪ್ಯಾಕಿನ ಅಡಿಯ ತಗಡು ಸಪಾಟಾಗಿದೆಯೇ, ಅಂಚಿನ ಬೋಲ್ಟುಗಳ ಸುತ್ತ ಬಣ್ಣ ಬಿರಿದಿದೆಯೇ, ಕೂಲೆಂಟ್ ಪೈಪಿನ ಜೋಡಣೆಯ ಬಳಿ ಒಣಗಿದ ಕಲೆ ಇದೆಯೇ, ದಪ್ಪ ಕಿತ್ತಳೆ ಬಣ್ಣದ ಕೇಬಲ್‌ಗಳ ಹೊದಿಕೆ ಉಜ್ಜಿದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಕಿತ್ತಳೆ ಕೇಬಲ್ಲನ್ನು ಕೈಯಿಂದ ಮುಟ್ಟುವ ಕೆಲಸ ಬೇಡ. ವಿಮೆ ಮಾಡಿಸುವಾಗ ತಳದ ಏಟಿನಿಂದ, ನೀರಿನಿಂದ ಬ್ಯಾಟರಿಗೆ ಆಗುವ ಹಾನಿ ಪಾಲಿಸಿಯಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಪಡೆಯಿರಿ. 2024ರಲ್ಲಿ ಬಂದ ಗಾಡಿಗೆ ಕೊಟ್ಟ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಎಂಬ ಬ್ಯಾಟರಿ ವಾರಂಟಿ ತಯಾರಿಕೆಯ ದೋಷಕ್ಕೆ, ನೀವು ಹಂಪ್ಸಿಗೆ ತಾಗಿಸಿದ್ದಕ್ಕಲ್ಲ.

ದಾರಿಯಲ್ಲೇ ನಿಲ್ಲುವ ತೊಂದರೆ

ಹೆದ್ದಾರಿಯಲ್ಲಿ ಇದ್ದಕ್ಕಿದ್ದಂತೆ ಶಕ್ತಿ ಕಳೆದುಕೊಳ್ಳುವ ಗಾಡಿಯೂ ಅಪಾಯವೇ. ಎಲೆಕ್ಟ್ರಿಕ್ ಗಾಡಿಯಲ್ಲಿ ದೊಡ್ಡ ಬ್ಯಾಟರಿ ತುಂಬಿದ್ದರೂ ಅದನ್ನು ಮೋಟರಿಗೆ ಜೋಡಿಸುವ ಕಾಂಟ್ಯಾಕ್ಟರ್‌ಗಳು ಎಂಬ ದೊಡ್ಡ ಸ್ವಿಚ್ಚುಗಳು ನಡೆಯುವುದು ಸಣ್ಣ 12 ವೋಲ್ಟ್ ಬ್ಯಾಟರಿಯಿಂದ. ಅದು ಸತ್ತರೆ ಗಾಡಿ ಎದ್ದೇಳುವುದಿಲ್ಲ. ದೊಡ್ಡ ಬ್ಯಾಟರಿಯಿಂದ 12 ವೋಲ್ಟ್ ಬ್ಯಾಟರಿಗೆ ವಿದ್ಯುತ್ ಇಳಿಸಿಕೊಡುವ ಭಾಗ ಕೆಟ್ಟರೆ ಓಡುತ್ತಿರುವಾಗಲೇ ತೊಂದರೆ. ಹ್ಯುಂಡೈ ಅಯಾನಿಕ್ 5 ಗಾಡಿಗಳನ್ನು ಭಾರತದಲ್ಲಿ 2024ರಲ್ಲಿ ವಾಪಸ್ ಕರೆದದ್ದು ಈ ಭಾಗದ ದೋಷಕ್ಕೇ, ಸಂಖ್ಯೆ 1,744. ಅದು ದೊಡ್ಡ, ದುಬಾರಿ ಗಾಡಿ, ಆದರೂ ಇಂಥ ಭಾಗ ಎಲ್ಲ ಎಲೆಕ್ಟ್ರಿಕ್ ಕಾರುಗಳಲ್ಲೂ ಇದೆ. ಪಂಚ್ ಇವಿ ಮಾತ್ರವಲ್ಲ, ಯಾವುದೇ ಗಾಡಿಯ ಮಾಲೀಕರೊಡನೆ ಮಾತಾಡುವಾಗ ‘ರೇಂಜ್ ಎಷ್ಟು ಬರುತ್ತೆ’ ಎಂದು ಕೇಳುವುದಕ್ಕಿಂತ ಮೊದಲು ‘ಓಡುತ್ತಿರುವಾಗ ಕೆಂಪು ಎಚ್ಚರಿಕೆ ಬಂದು ನಿಂತಿದ್ದುಂಟಾ, ಏನು ಬದಲಿಸಿದರು, ಎಷ್ಟು ದಿನ ಗಾಡಿ ಸರ್ವಿಸಿನಲ್ಲಿತ್ತು’ ಎಂದು ಕೇಳಿ. ಸಾಫ್ಟ್‌ವೇರ್ ಹಾಕಿ ಕಳಿಸಿದರೋ, ಭಾಗ ಬದಲಿಸಿದರೋ ಎಂಬುದರಲ್ಲಿ ಬಹಳಷ್ಟು ಗೊತ್ತಾಗುತ್ತದೆ.

ರೀಕಾಲ್ ಪರಿಶೀಲನೆ ಕಷ್ಟವಿಲ್ಲ. ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿ ನಂಬರನ್ನು ಸರ್ವಿಸ್ ಸೆಂಟರಿಗೆ ಕೊಟ್ಟು, ಬಾಕಿ ಇರುವ ರೀಕಾಲ್ ಅಥವಾ ಸರ್ವಿಸ್ ಕ್ಯಾಂಪೇನ್ ಏನಾದರೂ ಇದೆಯೇ ಎಂದು ಕೇಳಿ. ಉತ್ತರವನ್ನು ಜಾಬ್ ಕಾರ್ಡಿನ ಮೇಲೆ ಬರೆಸಿಕೊಳ್ಳಿ. 2021ರ ಏಪ್ರಿಲ್ 1ರಿಂದ ಏಳು ವರ್ಷದೊಳಗಿನ ವಾಹನಗಳನ್ನು ದೋಷವಿದ್ದರೆ ಕಡ್ಡಾಯವಾಗಿ ವಾಪಸ್ ಕರೆಸುವ ಅಧಿಕಾರ ಸರ್ಕಾರಕ್ಕಿದೆ, ಮಾಲೀಕರು ಆನ್‌ಲೈನ್ ದೂರನ್ನೂ ಕೊಡಬಹುದು. ನಮ್ಮಲ್ಲಿ ಎಷ್ಟೋ ಬದಲಾವಣೆ ‘ಅಪ್‌ಡೇಟ್’ ಎಂಬ ಹೆಸರಲ್ಲಿ ಸರ್ವಿಸಿನ ಹೊತ್ತಿಗೆ ಸದ್ದಿಲ್ಲದೆ ನಡೆದುಹೋಗುತ್ತದೆ. ಆದ್ದರಿಂದ ರೀಕಾಲ್ ಪಟ್ಟಿಯಲ್ಲಿ ಹೆಸರಿಲ್ಲ ಎಂದಮಾತ್ರಕ್ಕೆ ಚರಿತ್ರೆ ಸ್ವಚ್ಛ ಎಂದು ತೀರ್ಮಾನಿಸಬೇಡಿ. ಬಹಿರಂಗವಾಗಿ ವಾಪಸ್ ಕರೆದು ಸರಿಮಾಡಿಕೊಟ್ಟ ಕಂಪನಿಯೇ ಎಷ್ಟೋ ವಾಸಿ.

ಮಕ್ಕಳ ಸೀಟು

49ರಲ್ಲಿ 45 ಎಂಬುದನ್ನು ಬಿಡಿಸಿ ನೋಡಿದರೆ: ಗುದ್ದಿನ ಪರೀಕ್ಷೆಗೆ 24ಕ್ಕೆ 24, ಸೀಟು ಕೂರಿಸುವ ಸೌಕರ್ಯಕ್ಕೆ 12ಕ್ಕೆ 12, ಗಾಡಿಯ ಸೌಲಭ್ಯಗಳಿಗೆ 13ಕ್ಕೆ 9. ಮೊದಲ 24 ಅಂಕ ಬಂದದ್ದು ಹಿಂದಿನ ಸೀಟಿನಲ್ಲಿ ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಗುವಿನ ಅಳತೆಯ ಗೊಂಬೆಗಳನ್ನು ಚೈಲ್ಡ್ ಸೀಟಿನಲ್ಲಿ ಕೂರಿಸಿ. ಅಮ್ಮನ ತೊಡೆಯ ಮೇಲೆ ಕೂತ ಮಗುವಿಗೆ ಆ ಅಂಕಗಳಲ್ಲಿ ಒಂದೂ ಸಲ್ಲುವುದಿಲ್ಲ. ಪರೀಕ್ಷೆಯಲ್ಲಿ ಯಾವ ಚೈಲ್ಡ್ ಸೀಟ್ ಬಳಸಿದರು ಎಂದು ವರದಿಯಲ್ಲಿದೆ. ಅದೇ ಸೀಟು ಅಥವಾ ಅದೇ ಮಟ್ಟದ, ಐಸೋಫಿಕ್ಸ್ (ಗಾಡಿಯ ಕೊಂಡಿಗೇ ನೇರವಾಗಿ ಸಿಕ್ಕಿಸುವ ವ್ಯವಸ್ಥೆ) ಇರುವ ಸೀಟು ಕೊಳ್ಳಿ. ಗಾಡಿ ಬುಕ್ ಮಾಡುವ ದಿನವೇ ಅದರ ದುಡ್ಡನ್ನೂ ಬಜೆಟ್ಟಿನಲ್ಲಿ ಸೇರಿಸಿ.

ಟೆಸ್ಟ್ ಡ್ರೈವಿಗೆ ಹೋಗುವಾಗ ಚೈಲ್ಡ್ ಸೀಟು ಇದ್ದರೆ ಒಯ್ಯಿರಿ. ಹಿಂದಿನ ಸೀಟಿನ ಎರಡೂ ತುದಿಗಳಲ್ಲಿ, ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಬೆರಳು ಹಾಕಿದರೆ ಐಸೋಫಿಕ್ಸಿನ ಕಬ್ಬಿಣದ ಕೊಂಡಿ ಸಿಗಬೇಕು. ಸೀಟಿನ ಎರಡು ಕೊಕ್ಕೆಗಳು ‘ಕ್ಲಿಕ್’ ಎಂದು ಕೂತು, ಸೂಚಕ ಕೆಂಪಿನಿಂದ ಹಸಿರಿಗೆ ತಿರುಗಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಸೀಟು ಮುಂದಕ್ಕೆ ಮಗುಚದಂತೆ ಮೇಲಿನ ಪಟ್ಟಿಯನ್ನು ಸೀಟಿನ ಹಿಂಬದಿಯ ಕೊಂಡಿಗೆ ಸಿಕ್ಕಿಸಿ ಬಿಗಿಯಬೇಕು, ಅಥವಾ ಕಾಲು ಇರುವ ಸೀಟಾದರೆ ಆ ಕಾಲು ನೆಲಕ್ಕೆ ಗಟ್ಟಿಯಾಗಿ ಊರಬೇಕು. ಆಮೇಲೆ ಸೀಟಿನ ಬುಡ ಹಿಡಿದು ಅಲ್ಲಾಡಿಸಿ: ಒಂದಿಂಚಿಗಿಂತ ಹೆಚ್ಚು ಸರಿದರೆ ಕೂರಿಸಿದ್ದು ಸರಿಯಾಗಿಲ್ಲ. ಹಿಂದಕ್ಕೆ ಮುಖ ಮಾಡುವ ಸೀಟು ಹಾಕಿದ ಮೇಲೂ ಮುಂದಿನ ಸೀಟಿನಲ್ಲಿ ದೊಡ್ಡವರು ಕೂರಲು ಜಾಗ ಉಳಿಯುತ್ತದೆಯೇ ನೋಡಿ. ಪಂಚ್‌ನಷ್ಟು ಚಿಕ್ಕ ಗಾಡಿಯಲ್ಲಿ ಇದು ನಿಜವಾದ ಇಕ್ಕಟ್ಟು. ಮುಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಮಗುವನ್ನು ಕೂರಿಸುವುದಂತೂ ಏರ್‌ಬ್ಯಾಗ್ ಆಫ್ ಮಾಡದೆ ಎಂದಿಗೂ ಕೂಡದು.

ಹಿಂದಿನ ಬಾಗಿಲಿನ ಹಿಡಿ ಪಂಚ್‌ನಲ್ಲಿ ಬಾಗಿಲಿನ ನಡುವೆ ಇಲ್ಲ, ಮೇಲೆ ಕಿಟಕಿಯ ಹಿಂತುದಿಯ ಕಂಬದ ಬಳಿ ಅಡಗಿದೆ. ಮನೆಯ ಮಕ್ಕಳಿಗೂ ಹಿರಿಯರಿಗೂ ಅದನ್ನು ತೋರಿಸಿಕೊಡಿ. ಅಪಘಾತದ ಹೊತ್ತಿನಲ್ಲಿ ಓಡಿಬಂದವರು ಹುಡುಕಾಡುವಂತಾಗಬಾರದು.

ಓಡಿಸಿ ನೋಡುವಾಗ

ಆಕ್ಸಿಲರೇಟರ್ ಬಿಟ್ಟರೆ ತಾನೇ ವೇಗ ಇಳಿಸುವ ರೀಜನ್ ಅನ್ನು ಅತಿ ಹೆಚ್ಚಿನ ಮಟ್ಟಕ್ಕೆ ಇಟ್ಟು, ಹಿಂದೆ ಇನ್ನೊಂದು ಗಾಡಿಯಲ್ಲಿ ಒಬ್ಬರನ್ನು ಬರಹೇಳಿ. ಬ್ರೇಕ್ ಮುಟ್ಟದೆ ಗಾಡಿ ಬಿರುಸಾಗಿ ನಿಧಾನವಾದಾಗ ಬ್ರೇಕ್ ಲೈಟ್ ಉರಿಯಬೇಕು. ಉರಿಯದಿದ್ದರೆ ಹಿಂದಿನವರು ಬಂದು ಗುದ್ದುತ್ತಾರೆ. ಒದ್ದೆ ರಸ್ತೆಯಲ್ಲಿ ಇದೇ ಮಟ್ಟದಲ್ಲಿ ಓಡಿಸಿದರೆ ಮುಂದಿನ ಚಕ್ರ ಮಾತ್ರ ಎಳೆಯುವ ಗಾಡಿ ತಿರುವಿನಲ್ಲಿ ಕೊಂಚ ಜಾರಿದಂತಾಗುತ್ತದೆ. ಮಳೆಗಾಲದಲ್ಲಿ ರೀಜನ್ ಕಡಿಮೆ ಮಾಡಿಕೊಳ್ಳುವುದೇ ಲೇಸು.

ಘಟ್ಟದವರು ಗಮನಿಸಬೇಕಾದ್ದು ಇನ್ನೊಂದಿದೆ. ಬ್ಯಾಟರಿ ಶೇ 100 ತುಂಬಿದ್ದಾಗ ರೀಜನ್‌ನಿಂದ ಬಂದ ವಿದ್ಯುತ್ ಇಟ್ಟುಕೊಳ್ಳಲು ಜಾಗವಿಲ್ಲದೆ ಗಾಡಿ ಅದನ್ನು ತಾನೇ ನಿಲ್ಲಿಸುತ್ತದೆ. ಮಡಿಕೇರಿಯಲ್ಲೋ ಕೊಟ್ಟಿಗೆಹಾರದಲ್ಲೋ ರಾತ್ರಿ ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ಸಂಪಾಜೆ ಅಥವಾ ಚಾರ್ಮಾಡಿ ಇಳಿದರೆ, ನಿನ್ನೆವರೆಗೆ ಹಿಡಿದು ನಿಲ್ಲಿಸುತ್ತಿದ್ದ ಗಾಡಿ ಇಂದು ಜಾರಿಕೊಂಡು ಹೋಗುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಇಳಿಜಾರಿನ ಪ್ರಯಾಣಕ್ಕೆ ಮೊದಲು ಶೇ 85–90ಕ್ಕೆ ಚಾರ್ಜ್ ನಿಲ್ಲಿಸಿ. ಎಲ್‌ಎಫ್‌ಪಿ ಬ್ಯಾಟರಿಗೆ ಆಗಾಗ ಶೇ 100 ತುಂಬಿಸಬೇಕು ಎಂಬ ಸಲಹೆ ಇದೆ, ಅದನ್ನು ಊರಲ್ಲಿದ್ದಾಗ ಪಾಲಿಸಿ.

ಗಾಡಿ ಕೈಗೆ ಬಂದ ದಿನ ಆ್ಯಕ್ಸೆಸರಿ ಅಂಗಡಿಗೆ ಓಡಬೇಡಿ. ಮುಂದಿನ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಇದೆ. ಅದರ ಮೇಲೆ ಬಿಗಿಯಾದ ಲೆದರ್ ಕವರ್ ಹೊಲಿಸಿದರೆ ಏರ್‌ಬ್ಯಾಗ್ ಹರಿದುಕೊಂಡು ಹೊರಬರಲು ಅಡ್ಡಿ. ಮುಂದಿನ ಕ್ರ್ಯಾಶ್ ಗಾರ್ಡ್ ಗುದ್ದಿನ ಬಲವನ್ನು ಬೇರೆ ದಾರಿಗೆ ತಿರುಗಿಸಿ ಸೆನ್ಸರ್‌ನ ಲೆಕ್ಕ ತಪ್ಪಿಸುತ್ತದೆ. ಅದು ಕಾನೂನುಬಾಹಿರವೂ ಹೌದು. 31.46 ಅಂಕ ಬಂದ ಗಾಡಿಗೆ ಇವೆರಡೂ ಇರಲಿಲ್ಲ.

ಮನೆಯ ಪ್ಲಗ್ ಪಾಯಿಂಟು

ಗಾಡಿಯ ಜೊತೆ ಬರುವ 3.3 ಕಿಲೋವ್ಯಾಟ್ ಚಾರ್ಜರ್ 14–15 ಆಂಪಿಯರ್ ಎಳೆಯುತ್ತದೆ. ಗೀಸರೂ ಸುಮಾರು ಅಷ್ಟೇ ಎಳೆಯುತ್ತದೆ, ಆದರೆ ಇಪ್ಪತ್ತು ನಿಮಿಷದಲ್ಲಿ ಆರುತ್ತದೆ. ಕಾರು ಹತ್ತು ಗಂಟೆಗೂ ಮೀರಿ ಎಳೆಯುತ್ತಲೇ ಇರುತ್ತದೆ. ಸಾಕೆಟ್ಟಿನ ಹಿಂದೆ ಸ್ಕ್ರೂ ಸಡಿಲವಿದ್ದರೆ ಅಷ್ಟು ಹೊತ್ತಿನಲ್ಲಿ ಪ್ಲಾಸ್ಟಿಕ್ ಕರಗುತ್ತದೆ. ಮೀಟರ್ ಬೋರ್ಡಿನಿಂದ ನೇರವಾಗಿ ಪ್ರತ್ಯೇಕ ಲೈನ್, 4 ಚದರ ಮಿ.ಮೀ. ತಾಮ್ರದ ವೈರು, ಒಳ್ಳೆಯ 16 ಆಂಪಿಯರ್ ಇಂಡಸ್ಟ್ರಿಯಲ್ ಸಾಕೆಟ್ಟು, 30 ಮಿಲಿಆಂಪಿಯರಿನ ಟೈಪ್ ಎ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು) ಇವಿಷ್ಟು ಬೇಕು. ಗೋಡೆಗೆ ಕೂರಿಸುವ 7.2 ಕಿಲೋವ್ಯಾಟ್ ಚಾರ್ಜರಿಗೆ (ವಾಲ್‌ಬಾಕ್ಸ್) ಕನಿಷ್ಠ 6 ಚದರ ಮಿ.ಮೀ.; ಪಾರ್ಕಿಂಗ್ ದೂರವಿದ್ದರೆ 10. ಎಕ್ಸ್‌ಟೆನ್ಷನ್ ಬೋರ್ಡ್ ಎಂದೂ ಬೇಡ. ಮೊದಲ ಬಾರಿ ಒಂದು ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ ತೆಗೆದು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಅಂದೇ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿ ಚಾರ್ಜ್ ಮಾಡಲು ಒಪ್ಪುವುದಿಲ್ಲ. ಆಗ ಕೆಲವು ಎಲೆಕ್ಟ್ರಿಷಿಯನ್‌ಗಳು ಸಾಕೆಟ್ಟಿನಲ್ಲೇ ನ್ಯೂಟ್ರಲನ್ನೂ ಅರ್ಥನ್ನೂ ಸಣ್ಣ ವೈರಿನಿಂದ ಜೋಡಿಸಿ ‘ಸರಿಯಾಯ್ತು’ ಎನ್ನುತ್ತಾರೆ. ದೀಪ ಹಸಿರಾಗುತ್ತದೆ ನಿಜ. ಆದರೆ ಹೊರಗೆ ಎಲ್ಲಾದರೂ ನ್ಯೂಟ್ರಲ್ ತುಂಡಾದರೆ ಗಾಡಿಯ ಇಡೀ ಮೈಗೆ 230 ವೋಲ್ಟ್ ಬರುತ್ತದೆ, ಮಳೆಯಲ್ಲಿ ಬರಿಗಾಲಲ್ಲಿ ಬಾಗಿಲು ಮುಟ್ಟಿದವರ ಜೀವಕ್ಕೆ ಅಪಾಯ. ಹೊಸ ಅರ್ಥ್ ಪಿಟ್ ತೋಡಿಸಿ, ರೀಡಿಂಗ್ ನಿಮ್ಮ ಮುಂದೆಯೇ ತೆಗೆಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಹಳೆಯ ಪಂಚ್ ಇವಿ ಈಗ ಸಿಗತೊಡಗಿದೆ, ಬೆಲೆಯೂ ಆಕರ್ಷಕವಾಗಿದೆ. ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಮಾತ್ರ ತಪಾಸಣೆ ಮಾಡಿಸಿ: ಬ್ಯಾಟರಿಯ ಆರೋಗ್ಯದ ರೀಡಿಂಗ್, ಸೆಲ್‌ಗಳ ನಡುವಿನ ವೋಲ್ಟೇಜ್ ಅಂತರ, ಹೈವೋಲ್ಟೇಜ್ ಇನ್ಸುಲೇಷನ್ ರೀಡಿಂಗ್, ದಾಖಲಾದ ದೋಷ ಸಂಕೇತಗಳ ಪಟ್ಟಿ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಕ್ಷಣದಲ್ಲಿ ಆರಬೇಕು. ಹೊತ್ತಲೇ ಇಲ್ಲ ಎಂದರೆ ಏರ್‌ಬ್ಯಾಗ್ ಬಿಚ್ಚಿಕೊಂಡ ಗಾಡಿಯ ದೀಪವನ್ನೇ ಕಿತ್ತಿರುವ ಸಾಧ್ಯತೆ ಇದೆ. ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆದು ಬುಡದ ಚೀಟಿಯಲ್ಲಿರುವ ತಯಾರಿಕೆಯ ತಾರೀಕು ನೋಡಿ. ಗಾಡಿಗಿಂತ ಬೆಲ್ಟು ಹೊಸದಾಗಿದ್ದರೆ ದೊಡ್ಡ ಅಪಘಾತ ಆಗಿದೆ ಎಂದೇ ತಿಳಿಯಿರಿ. ವಿಮಾ ಕಂಪನಿಯಿಂದ ಹಿಂದಿನ ಕ್ಲೇಮುಗಳ ವಿವರ ತರಿಸಿಕೊಡುವಂತೆ ಮಾರುವವರನ್ನು ಕೇಳಿ. ಅದಕ್ಕೂ ಒಪ್ಪದೆ, ಗಾಡಿಯನ್ನು ಎತ್ತಿಸಿ ತಳ ತೋರಿಸಲೂ ಒಪ್ಪದೆ ಇದ್ದರೆ ಅಡ್ವಾನ್ಸ್ ಕೊಡಬೇಡಿ.